ಬೇಡದ ಮಾಡ್ಯೂಲನ್ನು ಹೊರಗಿಡುವ ಕೈಪಿಡಿ

ಬೇಕಾಗುವ ಸಾಮಗ್ರಿ: ಲಿನಕ್ಸ್ ಇರುವ ಒಂದು ಕಂಪ್ಯೂಟರ್, ರೂಟ್ ಪಾಸ್‌ವರ್ಡ್, ಹಠ. ತಾಳ್ಮೆ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ.

ಮೊದಲು ಎಲ್‌ಎಸ್‌ಮಾಡ್ ಎಂದು ಟೈಪಿಸಿ. ಕರ್ನಲ್ಲಿನೊಳಗೆ ಕೂತಿರುವ ಮಾಡ್ಯೂಲುಗಳ ಪಟ್ಟಿ ಬರುತ್ತದೆ. ಮುಕ್ಕಾಲು ಹೆಸರು ಗುರುತು ಸಿಗುವುದಿಲ್ಲ. ಗುರುತು ಸಿಗದ್ದನ್ನೆಲ್ಲ ಕಿತ್ತುಹಾಕಲು ಹೊರಟವರಿಗೆ ಮುಂದಿನ ಬೂಟಿನಲ್ಲಿ ಮೌಸು, ವೈಫೈ ಎರಡೂ ಕೈಕೊಟ್ಟಾವು. ಕೈ ಪಳಗಲು ಪಿಸಿಎಸ್‌ಪಿಕೆಆರ್ ಸಾಕು. ಕನ್ಸೋಲಿನ ಖಾಲಿ ಸಾಲಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದ್ದನ್ನು ಬೀಪ್ ಎಂದು ಇಡೀ ಕೋಣೆಗೆ ಸಾರುವುದು ಅದೇ.

ಈಗ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಒಂದು ಫೈಲು ಮಾಡಿ. ಹೆಸರು ಏನಾದರೂ ಇರಲಿ, ಕೊನೆಗೆ .ಕಾನ್ಫ್ ಇರಲೇಬೇಕು. 'ಬ್ಲ್ಯಾಕ್‌ಲಿಸ್ಟ್ ಪಿಸಿಎಸ್‌ಪಿಕೆಆರ್' ಎಂದು ಬರೆದು ಸೇವ್ ಮಾಡಿ. ಗೆದ್ದೆವೆಂದು ಕಾಫಿಗೆ ಏಳಬೇಡಿ. ಹಾರ್ಡ್‌ವೇರ್ ಕಂಡೊಡನೆ ತಾನಾಗಿ ಲೋಡ್ ಆಗುವುದನ್ನಷ್ಟೇ ಈ ಸಾಲು ತಡೆಯುತ್ತದೆ. ಇನ್ನೊಂದು ಮಾಡ್ಯೂಲಿಗೆ ಅದು ಬೇಕಾದರೆ, ಅಥವಾ ಯಾರಾದರೂ ಹೆಸರು ಹಿಡಿದು ಮಾಡ್‌ಪ್ರೋಬ್ ಕೊಟ್ಟರೆ, ಸಲೀಸಾಗಿ ಒಳಗೆ ಬರುತ್ತದೆ.

ಆದ್ದರಿಂದ ಎರಡನೆಯ ಸಾಲು: 'ಇನ್‌ಸ್ಟಾಲ್ ಪಿಸಿಎಸ್‌ಪಿಕೆಆರ್ /ಬಿನ್/ಫಾಲ್ಸ್'. ಮಾಡ್ಯೂಲನ್ನು ಕೇಳಿದಾಗ ಅದರ ಬದಲು ಫಾಲ್ಸ್ ಓಡುತ್ತದೆ. ಫಾಲ್ಸ್‌ಗೆ ಸೋಲುವುದೊಂದೇ ಕೆಲಸ. ಅದರಲ್ಲಿ ಅದು ಸೋತದ್ದಿಲ್ಲ. /ಬಿನ್/ಟ್ರೂ ಹಾಕಿದರೂ ನಡೆಯುತ್ತದೆ. ಅದು ಕೆಲವು ಕಚೇರಿಗಳ ಹಾಗೆ, ಏನೂ ಮಾಡದೆ "ಆಯ್ತು ಸಾರ್" ಎನ್ನುತ್ತದೆ. ಇಷ್ಟಾದರೂ ಇನ್ಸ್‌ಮಾಡ್ ಈ ಫೈಲುಗಳನ್ನು ನೋಡುವುದೇ ಇಲ್ಲ. ಅದನ್ನೂ ತಡೆಯಬೇಕೆಂದರೆ ಗ್ರಬ್‌ನ ಕರ್ನಲ್ ಸಾಲಿಗೆ 'ಮಾಡ್ಯೂಲ್_ಬ್ಲ್ಯಾಕ್‌ಲಿಸ್ಟ್=' ಸೇರಿಸಿ ಹೆಸರು ಕೊಡಿ; ಆಗ ಕರ್ನಲ್ಲೇ ಬೇಡ ಎನ್ನುತ್ತದೆ.

ರೀಬೂಟ್ ಆದಮೇಲೂ ನೂವೋನಂಥ ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಜರಿದ್ದರೆ, ಬೂಟಿನ ಆರಂಭಕ್ಕೆ ಬೇಕಾದ ಫೈಲುಗಳ ಗಂಟಾದ ಇನಿಟ್‌ರಾಮ್‌ಎಫ್‌ಎಸ್ ಇನ್ನೂ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿದೆ. ಅದನ್ನು ಹೊಸದಾಗಿ ಕಟ್ಟಲು ಉಬುಂಟುವಿನಲ್ಲಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು, ಫೆಡೋರಾದಲ್ಲಿ ಡ್ರಾಕಟ್ --ಫೋರ್ಸ್. ಕರ್ನಲ್ಲಿನೊಳಗೇ ಕಟ್ಟಿಕೊಂಡು ಬಂದದ್ದಕ್ಕೆ ಇವು ಯಾವುವೂ ನಾಟುವುದಿಲ್ಲ.

ಒಂದು ಬೀಪ್‌ಗೆ ಇಷ್ಟು ರಗಳೆಯೇ ಎನ್ನುವವರು ಡಿಸಿಸಿಪಿಯನ್ನು ನೋಡಬೇಕು. 2005ರಲ್ಲಿ ಕರ್ನಲ್ ಸೇರಿದ ಈ ಪ್ರೋಟೋಕಾಲನ್ನು ಬಳಸಿದವರು ವಿರಳ. ಆದರೆ ಸಾಮಾನ್ಯ ಬಳಕೆದಾರನೊಬ್ಬ ಅದರ ಸಾಕೆಟ್ ಕೇಳಿದರೂ ಸಾಕು, ಮಾಡ್ಯೂಲು ತಾನಾಗಿ ಲೋಡ್ ಆಗುತ್ತಿತ್ತು. ಅವನು ರೂಟ್ ಆಗಿಬಿಡಬಹುದಾದ ದೋಷವೊಂದು ಅದರಲ್ಲಿರುವುದು ಬೆಳಕಿಗೆ ಬಂದದ್ದು 2017ರಲ್ಲಿ.

ವಾರಂಟಿ: ಇದೇ ಉತ್ಸಾಹದಲ್ಲಿ ಯುಎಸ್‌ಬಿ-ಸ್ಟೋರೇಜನ್ನೂ ಮುಚ್ಚಿದವರು, ಬ್ಯಾಕಪ್ ಡಿಸ್ಕ್ ಕಾಣುತ್ತಿಲ್ಲವೆಂದು ಅಂಗಡಿಗೆ ಹೋಗಿ ಜಗಳ ತೆಗೆಯುವ ಮೊದಲು ತಾವೇ ಬರೆದ .ಕಾನ್ಫ್ ಫೈಲನ್ನು ಒಮ್ಮೆ ಓದತಕ್ಕದ್ದು.