ರೆಕ್ಕೆ ತುದಿಯ ಎರಡು ತೂತು

ಬಾ ಅಣ್ಣಯ್ಯ, ಬೇಲಿ ಹತ್ರ ನೆರಳೈತೆ, ಇಲ್ಲೇ ನಿಂತ್ಕೊ. ಹುಡುಗ ಇನ್ನೂ ಮುಖ ಊದಿಸ್ಕಂಡು ಕೂತವ್ನಾ? ನಿನ್ನೆ ಮೈದಾನದಲ್ಲಿ ಆದದ್ದನ್ನ ನಾನೂ ಕಂಡೆ. ತಂತಿ ಹಿಡಿದು ಸುತ್ತ ಹಾರಿಸೋ ಅವನ ಪುಟ್ಟ ವಿಮಾನ ಮೇಲೆದ್ದು ಅರ್ಧ ಸುತ್ತು ಬಂತು, ತಂತಿ ಸಡಿಲಾಯ್ತು, ಅವನ ಕಡೇನೇ ತಿರುಗಿ ಮೂತಿ ನೆಲಕ್ಕೆ ಊರ್ತು. ಎರಡು ತಿಂಗಳು ಕೂತು ಬಾಲ್ಸಾ ಮರ ಕೊಯ್ದು ಅಂಟಿಸಿದ್ದ, ಹೊಟ್ಟೆ ಉರೀದೆ ಇರುತ್ತಾ? ಆದ್ರೆ ತಪ್ಪು ಇಂಜಿನ್ನಿಂದಲ್ಲ, ಅವನ ಕೈದೂ ಅಲ್ಲ. ಎತ್ತಿ ನೋಡಿದೆ. ಲೀಡ್‌ಔಟ್ ಗೈಡು ಮುಂದಕ್ಕಿತ್ತು.

ಗೈಡ್ ಅಂದ್ರೆ ದೊಡ್ಡದೇನಲ್ಲ, ಎಡ ರೆಕ್ಕೆ ತುದಿಯ ಎರಡು ತೂತು. ಹೊಟ್ಟೆಯೊಳಗೆ ಬೆಲ್‌ಕ್ರಾಂಕ್ ಅಂತ ತಿರುಗೋ ಪಟ್ಟಿ ಇರುತ್ತಲ್ಲ, ಅದರಿಂದ ಹೊರಡೋ ಎರಡು ತಂತಿ, ಅವೇ ಲೀಡ್‌ಔಟ್, ಆ ತೂತಿಂದ ಆಚೆ ಬಂದು ಹುಡುಗನ ಕೈಹಿಡಿಗೆ ಸೇರ್ತವೆ. ಒಂದನ್ನ ಎಳೆದ್ರೆ ಬಾಲದ ಎಲಿವೇಟರ್ ಏಳುತ್ತೆ, ಇನ್ನೊಂದನ್ನ ಎಳೆದ್ರೆ ಇಳಿಯುತ್ತೆ. ಅಮೆರಿಕದ ಜಿಮ್ ವಾಕರ್ 1940ರಲ್ಲಿ ‘ಫೈರ್‌ಬಾಲ್’ ಅನ್ನೋ ವಿಮಾನದ ಜೊತೆ ಮಾರುಕಟ್ಟೆಗೆ ತಂದದ್ದು ಇದೇ ಉಪಾಯ. ನಾನು ಕಲಿತದ್ದು ಎನ್‌ಸಿಸಿ ವಾಯು ವಿಭಾಗದಲ್ಲಿದ್ದಾಗ, ಜಕ್ಕೂರಲ್ಲಿ.

ಆಷಾಢದ ಗಾಳಿಗೆ ನಾವು ಪಟ ಬಿಡ್ತಿದ್ದದ್ದು ನೆನಪೈತಾ? ಸೂತ್ರದ ಗಂಟು ಒಂದು ಬೆರಳು ಆಚೀಚೆ ಆದ್ರೆ ಸಾಕು, ಪಟ ಏಳ್ತಿರ್ಲಿಲ್ಲ. ಇದೂ ಅದೇ ಬಾಬ್ತು. ಹಾರುವಾಗ ಗಾಳಿ ತಂತಿಯನ್ನ ಹಿಂದಕ್ಕೆ ತಳ್ಳುತ್ತೆ, ತಂತಿ ಬಿಲ್ಲಿನ ಹಂಗೆ ಬಾಗುತ್ತೆ. ಆದ್ದರಿಂದ ರೆಕ್ಕೆ ತುದೀಲಿ ಅದು ನೇರ ಬರಲ್ಲ, ಓರೆಯಾಗಿ ಹಿಂದಿನಿಂದ ಬರುತ್ತೆ. ಆ ಓರೆಗೆ ತಕ್ಕಂತೆ ಗೈಡು ತೂಕದ ಮಧ್ಯಕ್ಕಿಂತ ಹಿಂದೆ ಇರಬೇಕು. ಮುಂದಿದ್ರೆ ಮೂತಿ ಒಳಕ್ಕೆ ತಿರುಗುತ್ತೆ, ತಂತಿ ಸಡಿಲ. ತೀರಾ ಹಿಂದಿದ್ರೆ ಮೂತಿ ಹೊರಕ್ಕೆ ಸೊಟ್ಟಗಾಗಿ ವೇಗ ತಿಂದು ಹಾಕುತ್ತೆ. ಇವನದು ಮೀಟರ್ ಅಗಲದ ರೆಕ್ಕೆ, ಎರಡು ಸೆಂಟಿಮೀಟರ್ ಹಿಂದಿಟ್ಟು ಶುರು ಮಾಡ್ಲಿ. ಉದ್ದ ತಂತಿ, ದಪ್ಪ ತಂತಿ ಹಾಕಿದ್ರೆ ಇನ್ನೊಂಚೂರು ಹಿಂದೆ. ತೂಕ ಜಾಸ್ತಿಯಾದ್ರೆ ಮುಂದೆ. ಅದಕ್ಕೇ ಗೈಡಿಗೆ ಅಂಟು ಹಾಕ್ಬಾರ್ದು ಅನ್ನೋದು. ಸೀಳು ಬಿಟ್ಟು ಸ್ಕ್ರೂ ಹಾಕಿದ್ರೆ ಸರಿಸಿ ಸರಿಸಿ ನೋಡಬೌದು.

ಎತ್ತರವೂ ಮುಖ್ಯ ಕಣಣ್ಣ. ಗೈಡು ತೂಕದ ಮಧ್ಯಕ್ಕಿಂತ ಮೇಲಿದ್ರೆ ಒಳಗಡೆ ರೆಕ್ಕೆ ಜೋತು ಬೀಳುತ್ತೆ, ಕೆಳಗಿದ್ರೆ ಎದ್ದು ನಿಲ್ಲುತ್ತೆ. ಹಾರಿಸದೇನೇ ಒಂದು ಪರೀಕ್ಷೆ ಐತೆ: ಎರಡೂ ಲೀಡ್‌ಔಟ್ ಹಿಡಿದು ವಿಮಾನವನ್ನ ಮೊಳೆಗೆ ನೇತು ಹಾಕು. ಮೂತಿ ಒಂಚೂರು ಕೆಳಕ್ಕೆ ಬಾಗಿದ್ರೆ ಗೈಡು ಹಿಂದೈತೆ ಅಂತ ಅರ್ಥ. ನಿನ್ನೆ ನೇತು ಹಾಕಿದೆ, ಮೂತಿ ಮೇಲಕ್ಕೆ ನೋಡ್ತಿತ್ತು!

ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕಬೇಕು ಅಂತೀಯಾ? ಮುಕ್ಕಾಲು ಕೇಜಿ ವಿಮಾನ, 16 ಮೀಟರ್ ತಂತಿ, ಸುತ್ತಿಗೆ 5 ಸೆಕೆಂಡು ಅಂತ ಲೆಕ್ಕ ಹಾಕು. ಕೈಯಲ್ಲಿ ಹೆಚ್ಚುಕಮ್ಮಿ 2 ಕೇಜಿ ಎಳೆತ. ಆ ಎಳೆತ ಇದ್ರೇನೇ ಕೈ ಹೇಳಿದ್ದನ್ನ ವಿಮಾನ ಕೇಳೋದು. ತಲೆ ಮೇಲೆ ಹೋದಾಗ ತಂತಿ ಸಡಿಲಾಯ್ತೋ, ಮುಗೀತು. ಅದನ್ನ ಬಿಗಿಯಾಗಿ ಹಿಡಿಯೋದು ಆ ಎರಡು ತೂತಿನ ಜಾಗ. ಇಂಜಿನ್ನಿಗೆ ದುಡ್ಡು ಸುರಿಯೋರು ಇಲ್ಲಿ ಅರ್ಧ ಗಂಟೆ ಕೂರಲ್ಲ, ಅದೇ ನಂಗೆ ಸಂಕಟ.

ಪಕ್ಕದ ಗೊರೂರಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ ಶುರು ಮಾಡಿದ್ರು. ವಿಮಾನದ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ, ಹುಡುಗನ್ನ ಬೈಬೇಡ.

ಮುರಿದದ್ದು ಮೂತಿ ಮತ್ತೆ ಪ್ರೊಪೆಲ್ಲರ್ ಮಾತ್ರ. ಸಂಜೆ ಕಳ್ಸು, ಇಬ್ಬರೂ ಕೂತು ಗೈಡು ಸರಿಸ್ತೀವಿ. ಭಾನುವಾರ ಬೆಳಗ್ಗೆ ಗಾಳಿ ಏಳೋಕೆ ಮುಂಚೆ ಹಾರಿಸೋಣ. ಆ ಕರೆಂಟ್ ಕಂಬದ ಕಡೆ ಮಾತ್ರ ಬೇಡ, ಕೈಯಲ್ಲಿರೋದು ಉಕ್ಕಿನ ತಂತಿ. ಬರುವಾಗ ಸಣ್ಣ ಸ್ಕ್ರೂಡ್ರೈವರ್ ತರಕ್ಕೇಳು, ನಂದು ಎಲ್ಲೋ ಕಳೆದೈತೆ.