ಏನೂ ಹೇಳದ ಹತ್ತು ಅಂಕಿ

ನಮ್ಮಲ್ಲಿ ನಂಬರು ಎಂದರೆ ಅದು ಬಾಯಿಬಿಟ್ಟು ಏನಾದರೂ ಹೇಳಬೇಕು. ಮದುವೆ ಛತ್ರದ ಮುಂದೆ ನಿಂತ ಕಾರುಗಳ ಹಿಂಬದಿ ನೋಡಿದರೆ ಸಾಕು, ಕೆಎ 19 ಮಂಗಳೂರಿನ ಕಡೆಯವರದು, ಕೆಎ 25 ಧಾರವಾಡದವರದು ಎಂದು ಗಂಡಿನ ಕಡೆ ಹೆಣ್ಣಿನ ಕಡೆಯ ಲೆಕ್ಕವೆಲ್ಲ ಪಂಕ್ತಿ ಹಾಕುವ ಮೊದಲೇ ಚುಕ್ತಾ ಆಗುತ್ತದೆ. ಪಿನ್‌ಕೋಡು 560 ಎಂದು ಶುರುವಾದರೆ ಬೆಂಗಳೂರು. ಪಾನ್ ಕಾರ್ಡಿನ ನಾಲ್ಕನೆಯ ಅಕ್ಷರ ನೀವು ಮನುಷ್ಯರೋ ಕಂಪನಿಯೋ ಎಂದು ಹೇಳಿದರೆ, ಐದನೆಯದು ನಿಮ್ಮ ಮನೆತನದ ಹೆಸರಿನ ಮೊದಲಕ್ಷರವನ್ನು ಆದಾಯ ತೆರಿಗೆಯವರ ಕಿವಿಯಲ್ಲಿ ಉಸುರುತ್ತದೆ. ಬಾಯಿ ಬಿಗಿಹಿಡಿದಿರುವುದು ಆಧಾರ್ ಒಂದೇ. ಅದರ ಹನ್ನೆರಡು ಅಂಕಿಯಲ್ಲಿ ಊರೂ ಇಲ್ಲ, ವಯಸ್ಸೂ ಇಲ್ಲ, ಅಪ್ಪನ ಹೆಸರೂ ಇಲ್ಲ. ಅಮೆರಿಕದ ವೈದ್ಯರ ಬಳಿಯೂ ಅಂಥದೇ ಒಂದು ಮೌನಿ ನಂಬರಿದೆ. ಪೂರ್ತಿ ಹೆಸರು ನ್ಯಾಷನಲ್ ಪ್ರೊವೈಡರ್ ಐಡೆಂಟಿಫೈಯರ್, ಬಳಕೆಯಲ್ಲಿ ಎನ್‌ಪಿಐ. ದಾವಣಗೆರೆ, ಮಣಿಪಾಲ, ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಅಲ್ಲಿಗೆ ಹೋದ ನಮ್ಮವರೆಲ್ಲ ಅಲ್ಲಿ ನಾಡಿ ಹಿಡಿಯುವ ಮುಂಚೆ ಹಿಡಿಯಬೇಕಾದದ್ದು ಇದನ್ನು. ಆ ಹತ್ತು ಅಂಕಿಯ ದೊಡ್ಡ ಗುಣ ಅದು ಏನನ್ನೂ ಹೇಳದಿರುವುದೇ ಎಂಬುದು ನನ್ನ ವಾದ. ಅದರ ಸುತ್ತ ಇರುವ ರಗಳೆಯೆಲ್ಲ ಹುಟ್ಟುವುದು, ನಂಬರು ಹೇಳದೆ ಬಿಟ್ಟಿದ್ದನ್ನು ಮನುಷ್ಯರು ಹೇಳಲು ಹೊರಟಾಗ.

ಮೊದಲು ಹೇಗಿತ್ತೆಂದು ನೋಡಿದರೆ ಈ ಮೌನದ ಬೆಲೆ ತಿಳಿಯುತ್ತದೆ. ಅಮೆರಿಕದಲ್ಲಿ ರೋಗಿಯನ್ನು ನೋಡುವುದು ಅರ್ಧ ಕೆಲಸ. ನೋಡಿದ್ದಕ್ಕೆ ಇನ್ಶೂರೆನ್ಸಿನವರಿಂದ ದುಡ್ಡು ಬಿಡಿಸಿಕೊಳ್ಳುವುದು ಉಳಿದ ಒಂದೂವರೆ. ಆಗೆಲ್ಲ ಪ್ರತಿ ವಿಮಾ ಕಂಪನಿಯೂ ವೈದ್ಯರಿಗೆ ತನ್ನದೇ ನಂಬರು ಹಚ್ಚುತ್ತಿತ್ತು. ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್‌ಗೆ ಒಂದು, ಬಡವರ ಮೆಡಿಕೇಡ್‌ಗೆ ರಾಜ್ಯಕ್ಕೊಂದು, ಖಾಸಗಿಯವರದು ತಲಾ ಒಂದು. ಬಿಲ್ಲು ಬರೆಯುವ ಗುಮಾಸ್ತರ ಮೇಜಿನಲ್ಲಿ ಒಬ್ಬನೇ ವೈದ್ಯನಿಗೆ ವಿಷ್ಣು ಸಹಸ್ರನಾಮದ ಸಣ್ಣ ಪ್ರತಿ ಇರುತ್ತಿತ್ತು ಎನ್ನಿ. ಇದರ ಮೇಲೆ ಮೆಡಿಕೇರ್‌ನವರ ಯೂಪಿನ್ ಬೇರೆ: ಒಂದು ಅಕ್ಷರ, ಹಿಂದೆ ಐದು ಅಂಕಿ. ರೋಗಿಯನ್ನು ಕಳಿಸಿಕೊಟ್ಟ ವೈದ್ಯರಿಗೆ ಯೂಪಿನ್ ಇಲ್ಲದಿದ್ದರೆ ಏನು ಬರೆಯುವುದು? ಅದಕ್ಕೂ ಒಂದು ಬದಲಿ ಇತ್ತು: 'ಓಟಿಎಚ್' ಎಂದು ಬರೆದು ಮೂರು ಸೊನ್ನೆ ಸುತ್ತುವುದು, ಅಂದರೆ 'ಇತರೆ'. ಇಂಟರ್ನ್ ಆದರೆ 'ಐಎನ್‌ಟಿ' ಮೂರು ಸೊನ್ನೆ, ರೆಸಿಡೆಂಟ್ ಆದರೆ 'ಆರ್‌ಇಎಸ್' ಮೂರು ಸೊನ್ನೆ. ಹಳೆಯ ಜಮೀನ್ದಾರರ ಮನೆಯಲ್ಲಿ ಆಳುಗಳನ್ನೆಲ್ಲ 'ಏಯ್' ಎಂದೇ ಕರೆದ ಹಾಗೆ, ದೇಶದ ಇಂಟರ್ನ್‌ಗಳೆಲ್ಲ ಒಂದೇ ಹೆಸರಿಗೆ ಓಗೊಡಬೇಕಿತ್ತು.

ಈ ಗೊಂದಲಕ್ಕೆ ಮದ್ದು ಅರೆಯಲು ಶುರು ಮಾಡಿದ್ದು ಹಿಪಾ ಎಂಬ 1996ರ ಆರೋಗ್ಯ ವಿಮಾ ಕಾಯ್ದೆ. ನಿಯಮ ಅಂತಿಮವಾಗಿ ಅಚ್ಚಾದದ್ದು 2004ರ ಜನವರಿಯಲ್ಲಿ, ಅರ್ಜಿ ತೆಗೆದುಕೊಳ್ಳಲು ಶುರುವಾದದ್ದು 2005ರ ಮೇ 23ಕ್ಕೆ, ಬಳಸುವುದು ಕಡ್ಡಾಯವಾದದ್ದು 2007ರ ಮೇ 23ಕ್ಕೆ. ಹತ್ತು ಅಂಕಿಗೆ ಹನ್ನೊಂದು ವರ್ಷ ಹಿಡಿಯಿತು. ಅಂಕಿಗೊಂದು ವರ್ಷ, ಮೇಲೊಂದು ವರ್ಷ ಕೊಸರು. ತಡವಾದರೂ ಮಾಡಿದ್ದು ಸರಿಯಾಗಿಯೇ ಇದೆ. ನಂಬರಿನೊಳಗೆ ರಾಜ್ಯ, ವಿಶೇಷ ತಜ್ಞತೆ, ಓದಿದ ಕಾಲೇಜು, ಯಾವುದನ್ನೂ ತುರುಕಲಿಲ್ಲ. ತುರುಕಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ನಮ್ಮ ರಸ್ತೆಯಲ್ಲೇ ಓಡಾಡುತ್ತಿದೆ. ಕರ್ನಾಟಕದ ಗಾಡಿ ಪುಣೆಯಲ್ಲಿ 12 ತಿಂಗಳು ದಾಟಿ ಉಳಿದರೆ ಅದರ ನಂಬರು ಸುಳ್ಳು ಹೇಳುತ್ತಿದೆ ಎಂದಾಯಿತು. ಎನ್‌ಒಸಿ ತರಬೇಕು, ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಹೊಸ ಫಲಕ ಹಾಕಿಸಬೇಕು. ವೈದ್ಯ ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಹೋದರೂ, ಮಕ್ಕಳ ವೈದ್ಯಕೀಯ ಬಿಟ್ಟು ಮನೋರೋಗಕ್ಕೆ ಹೊರಳಿದರೂ, ಮದುವೆಯಾಗಿ ಹೆಸರು ಬದಲಿಸಿಕೊಂಡರೂ ಎನ್‌ಪಿಐ ಅದೇ. ಮೊದಲ ಅಂಕಿ 1 ಅಥವಾ 2 ಇರಬೇಕು, ಕೊನೆಯದು ಪರೀಕ್ಷೆಗೆ ಮೀಸಲು, ನಡುವೆ ಎಂಟು ಅಂಕಿ. ಲೆಕ್ಕ ಹಾಕಿದರೆ 20 ಕೋಟಿ ನಂಬರು ಸಿಗುತ್ತವೆ. ದೇಶದ ಅರ್ಧಕ್ಕೂ ಹೆಚ್ಚು ಜನ ಡಾಕ್ಟರಾದರೂ ಸಾಲುತ್ತದೆ; ರೋಗಿಗಳು ಸಿಗುವುದು ಕಷ್ಟವಾದೀತು, ಅಷ್ಟೆ.

ಆ ಕೊನೆಯ ಅಂಕಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 123456789 ಎಂಬ ಒಂಬತ್ತು ಅಂಕಿ ತೆಗೆದುಕೊಳ್ಳಿ. ಬಲಗಡೆಯಿಂದ ಒಂದು ಬಿಟ್ಟು ಒಂದನ್ನು ದುಪ್ಪಟ್ಟು ಮಾಡಿದರೆ 18, 14, 10, 6, 2. ಇವುಗಳ ಅಂಕಿಗಳನ್ನೆಲ್ಲ ಬಿಡಿಬಿಡಿಯಾಗಿ ಕೂಡಿದರೆ 23. ಮುಟ್ಟದೆ ಬಿಟ್ಟ 8, 6, 4, 2 ಸೇರಿ 20. ಆರೋಗ್ಯ ಕ್ಷೇತ್ರದ ಸಂಕೇತ 80, ಅಮೆರಿಕದ ಸಂಕೇತ 840, ಎರಡೂ ಮುಂದೆ ಇವೆಯೆಂದು ಭಾವಿಸಿ ಮೇಲೆ 24 ಹಾಕಬೇಕು. ಒಟ್ಟು 67. ಮುಂದಿನ ಹತ್ತರ ಗುಣಕ 70ಕ್ಕೆ ಎಷ್ಟು ಕಡಿಮೆ? ಮೂರು. ಹಾಗಾಗಿ ಹತ್ತನೆಯ ಅಂಕಿ 3. ನಿಮ್ಮ ಡೆಬಿಟ್ ಕಾರ್ಡಿನ ಮೇಲಿನ ನಂಬರನ್ನು ಕಾಯುವುದೂ ಐಬಿಎಂನ ಹಾನ್ಸ್ ಪೀಟರ್ ಲೂನ್ ಕಟ್ಟಿದ ಇದೇ ಸೂತ್ರ. ಫೋನಿನಲ್ಲಿ ಯಾರೋ ಅವಸರದಲ್ಲಿ ಒಂದು ಅಂಕಿ ತಪ್ಪಾಗಿ ಬರೆದುಕೊಂಡರೆ ಗಣಕಯಂತ್ರ ಅಲ್ಲೇ ತಲೆಯಾಡಿಸುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಆದರೆ 09 ಇದ್ದದ್ದು 90 ಆದರೆ ಮಾತ್ರ ಈ ಕಾವಲುಗಾರ ಕಣ್ಣು ಮುಚ್ಚಿಕೊಂಡು ಒಳಗೆ ಬಿಡುತ್ತಾನೆ. ಎಲ್ಲ ಗೇಟುಗಳಲ್ಲೂ ಇಂಥದೊಂದು ಹೊಂದಾಣಿಕೆ ಇದ್ದೇ ಇರುತ್ತದಲ್ಲ.

ನಂಬರು ಪಡೆಯುವುದು ಸುಲಭ, ಅದಕ್ಕೆ ಶುಲ್ಕವೂ ಇಲ್ಲ. ತೊಡಕು ಬರುವುದು ನಮ್ಮವರು ಅರ್ಜಿಯ ಮೊದಲ ಕಲಮಿಗೆ ಬಂದಾಗ: ಫಸ್ಟ್ ನೇಮ್, ಮಿಡಲ್ ನೇಮ್, ಲಾಸ್ಟ್ ನೇಮ್. ಕನ್ನಡಿಗರ ಹೆಸರು ಮುಂದಿನಿಂದ ಊರು, ಅಪ್ಪ, ತಾನು ಎಂದು ಇಳಿದು ಬರುವ ಮೆಟ್ಟಿಲು. ಮೊದಲಿನ ಎರಡಕ್ಕೆ ಒಂದೊಂದು ಅಕ್ಷರ ಸಾಕು, ಕೊನೆಯಲ್ಲಿ ನಿಲ್ಲುವವನು ತಾನು. ಪಾಸ್‌ಪೋರ್ಟಿನವರು ಆ ಅಕ್ಷರಗಳನ್ನು ಬಿಡಿಸಿ ಬರೆಯಿರಿ ಎಂದಾಗ ಮೆಟ್ಟಿಲು ಅಡಿಮೇಲಾಗುತ್ತದೆ. ಊರ ಹೆಸರು ಕೊನೆಗೆ ಹೋದವರು ಅಲ್ಲಿ ಡಾಕ್ಟರ್ ಹೊಸಹಳ್ಳಿ ಆಗುತ್ತಾರೆ; ಕರೆದಾಗಲೆಲ್ಲ ಇಡೀ ಹಳ್ಳಿ ಎದ್ದುನಿಲ್ಲಬೇಕು. ಅಪ್ಪನ ಹೆಸರು ಕೊನೆಗೆ ಹೋದವರ ಪಾಡು ಇನ್ನೂ ಸೊಗಸು: ಹೊಳೆನರಸೀಪುರದಲ್ಲಿ ನಿವೃತ್ತ ಮೇಷ್ಟರಾಗಿ ಕಟ್ಟೆಯ ಮೇಲೆ ಕೂತಿರುವ ಅಪ್ಪ, ಒಹಾಯೊದಲ್ಲಿ ಡಾಕ್ಟರಾಗಿ ಔಷಧ ಬರೆಯುತ್ತಿರುತ್ತಾರೆ. ಲೈಸೆನ್ಸಿನಲ್ಲಿ ಒಂದು ಜೋಡಣೆ, ಡಿಗ್ರಿಯಲ್ಲಿ ಇನ್ನೊಂದು, ವೀಸಾದಲ್ಲಿ ಮತ್ತೊಂದು. ಅರ್ಜಿಯಲ್ಲಿ 'ಇತರ ಹೆಸರು' ಎಂಬ ಕಲಮು ಇರುವುದು ಮದುವೆಯಾದ ಹೆಂಗಸರಿಗಾಗಿ ಎಂದು ಅಮೆರಿಕದವರು ಭಾವಿಸಿದ್ದಾರೇನೋ. ಅದು ನಿಜಕ್ಕೂ ನಮಗಾಗಿಯೇ ಮಾಡಿಸಿದಂತಿದೆ. ಹೆಸರು ಹೀಗೆ ಕಪ್ಪೆಯ ಹಾಗೆ ಜಿಗಿಯುತ್ತಿರುವಾಗ, ಇವರೆಲ್ಲ ಒಬ್ಬರೇ ಎಂದು ಸಾಕ್ಷಿ ಹೇಳುವುದು ಆ ಏನೂ ಹೇಳದ ನಂಬರು.

ಎರಡನೆಯ ತೊಡಕು ವೇದಾಂತದ್ದು. ನಂಬರಿನಲ್ಲಿ ಎರಡು ಬಗೆ: ಒಂದನೆಯದು ಮನುಷ್ಯರಿಗೆ, ಎರಡನೆಯದು ಸಂಸ್ಥೆಗಳಿಗೆ. ಸ್ವಂತ ಹೆಸರಿನಲ್ಲಿ ಕ್ಲಿನಿಕ್ಕಿಟ್ಟುಕೊಂಡ ವೈದ್ಯ ಅದ್ವೈತಿ. ಆತನೂ ಕ್ಲಿನಿಕ್ಕೂ ಬೇರೆಯಲ್ಲ, ನಂಬರು ಒಂದೇ. ಅದೇ ವೈದ್ಯ ಕ್ಲಿನಿಕ್ಕನ್ನು ಕಂಪನಿಯಾಗಿ ನೋಂದಾಯಿಸಿದ ದಿನ ದ್ವೈತ ಮತಕ್ಕೆ ಸೇರಿದಂತೆ. ಚಿಕಿತ್ಸೆ ಕೊಟ್ಟವನ ಜಾಗದಲ್ಲಿ ಒಂದು ನಂಬರು, ಹಣ ಪಡೆಯುವವರ ಜಾಗದಲ್ಲಿ ಇನ್ನೊಂದು. ಕುರ್ಚಿಯ ಮೇಲೆ ಕೂತಿರುವವರು ಒಬ್ಬರೇ ಆದರೂ ಭೇದ ಸತ್ಯ ಎಂದು ವಿಮಾ ಕಂಪನಿ ಉಡುಪಿಯ ಮಠದವರಿಗಿಂತ ಗಟ್ಟಿಯಾಗಿ ವಾದಿಸುತ್ತದೆ. ಜಾಗ ಅದಲುಬದಲಾದರೆ ಕ್ಲೇಮು ತಿರುಗಿ ಬರುತ್ತದೆ. ಇನ್ನು ನೀವು ಯಾವ ಬಗೆಯ ವೈದ್ಯರು ಎಂದು ಹೇಳಲು ಟ್ಯಾಕ್ಸಾನಮಿ ಕೋಡ್ ಎಂಬುದೊಂದು ಬೇರೆಯೇ ಇದೆ. ಇಂಟರ್ನಲ್ ಮೆಡಿಸಿನ್‌ನವರದು 207, ಆರ್, ಐದು ಸೊನ್ನೆ, ಕೊನೆಗೊಂದು ಎಕ್ಸ್. ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿಗೂ ಒಂದು ಕೋಡ್ ಇದೆ, ನಂಬರೂ ಸಿಗುತ್ತದೆ. ಪಶುವೈದ್ಯರಿಗೆ ಮಾತ್ರ ಎನ್‌ಪಿಐ ಇಲ್ಲ. ಅವರ ರೋಗಿಗಳು ಇದಕ್ಕೆ ತಕರಾರು ಮಾಡಿಲ್ಲ.

ನಂಬರು ಮೌನಿಯಾದ್ದರಿಂದ ಅದು ಹೇಳದ್ದನ್ನೆಲ್ಲ ಪಕ್ಕದಲ್ಲೊಂದು ಕಡತದಲ್ಲಿ ಇಡಬೇಕು. ವಿಳಾಸ, ಫೋನು, ಲೈಸೆನ್ಸು, ತಜ್ಞತೆ ಏನೇ ಬದಲಾದರೂ 30 ದಿನದೊಳಗೆ ತಿದ್ದಬೇಕೆಂಬುದು ನಿಯಮ. ಪಡೆದ ಮೇಲೆ ನೋಡಿಕೊಳ್ಳುವುದು ಎಂದರೆ ಇದೇ. ಮಗು ಹೆರುವುದಕ್ಕಿಂತ ಸಾಕುವುದು ಕಷ್ಟ ಎನ್ನುತ್ತಾರಲ್ಲ, ಹಾಗೆ. ಸಾಕಲು ಪೋರ್ಟಲಿನೊಳಗೆ ಹೋಗಬೇಕು, ಹೋಗಲು ಪಾಸ್‌ವರ್ಡ್ ಬೇಕು. ಹತ್ತು ಅಂಕಿ ಆಯುಷ್ಯವಿಡೀ ಬದಲಾಗದಿದ್ದರೆ, ಅದನ್ನು ನೋಡಲು ಬೇಕಾದ ಪಾಸ್‌ವರ್ಡ್ ಮಾತ್ರ ಋತುಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ನೆನಪಿಲ್ಲದ ವೈದ್ಯರು ಈ ಕೆಲಸವನ್ನು ಬೇರೆಯವರಿಗೆ ವಹಿಸಬಹುದು. ಹಾಗೆ ವಹಿಸಿಕೊಂಡವರಿಗೆ ಸರ್ಕಾರ ಇಟ್ಟಿರುವ ಹೆಸರು 'ಸರೋಗೇಟ್'. ನಮ್ಮ ಪತ್ರಿಕೆಗಳಲ್ಲಿ ಆ ಪದಕ್ಕೆ ಬಾಡಿಗೆ ತಾಯಿ ಎಂದು ಅರ್ಥ. ಅಲ್ಲಿ ಸರೋಗೇಟ್ ಎಂದರೆ ಕ್ಲಿನಿಕ್ಕಿನ ಮುಂಗಟ್ಟಿನಲ್ಲಿ ಕೂತು ಫೋನೆತ್ತುವ, ಮೂರು ಮಕ್ಕಳ ತಂದೆ ಕೂಡ ಆಗಿರಬಹುದು. ಇನ್ನೊಂದು ಎಚ್ಚರಿಕೆ: ಈ ಕಡತದ ಬಹುಪಾಲು ಯಾರು ಬೇಕಾದರೂ ನೋಡಬಹುದಾದದ್ದು. ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಮುಚ್ಚಿಟ್ಟು, ಕ್ಲಿನಿಕ್ಕಿನ ವಿಳಾಸ ಫೋನುಗಳನ್ನು ಜಗತ್ತಿಗೇ ತೆರೆದಿಡುತ್ತಾರೆ. ಸೋಮಾರಿತನದಿಂದ ಆ ಜಾಗದಲ್ಲಿ ಮನೆ ವಿಳಾಸ ತುಂಬಿದವರ ಬಾಗಿಲಿಗೆ ಜಾಹೀರಾತಿನ ಕಾಗದಗಳು ಸುಣ್ಣ ಹೊಡೆಯುವಷ್ಟು ಬಂದು ಬೀಳುತ್ತವೆ. ಇಲ್ಲಿ ಬಾಯಿಬಿಟ್ಟದ್ದು ನಂಬರಲ್ಲ, ಅದರ ಯಜಮಾನ.

ಇಷ್ಟು ಮಾಡಿಯೂ ಈ ನಂಬರು ವೈದ್ಯ ಒಳ್ಳೆಯವನೋ, ಕಡೇಪಕ್ಷ ಲೈಸೆನ್ಸ್ ಇರುವವನೋ ಎಂದು ಹೇಳುವುದಿಲ್ಲವಲ್ಲ, ಮತ್ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಹೇಳುವುದಿಲ್ಲ, ನಿಜ, ಕೊಡುವವರೇ ಅದನ್ನು ಸ್ಪಷ್ಟಪಡಿಸಿದ್ದಾರೆ. ಆದರೆ ಮನೆ ಬಾಗಿಲಿಗೆ ಹೊಡೆದ ನಂಬರು ಒಳಗಿನವರು ಸಾಲ ತೀರಿಸುತ್ತಾರೋ ಇಲ್ಲವೋ ಹೇಳುವುದಿಲ್ಲ, ಹಾಗೆಂದು ಅಂಚೆಯವರು ಅದನ್ನು ಕಿತ್ತುಹಾಕಿ ಎನ್ನುವುದಿಲ್ಲ. ಯೋಗ್ಯತೆಯನ್ನು ನಂಬರಿನೊಳಗೇ ಕೂರಿಸಿದ್ದರೆ ಲೈಸೆನ್ಸ್ ಹೋದ ದಿನ ನಂಬರೂ ಹೋಗಬೇಕಿತ್ತು. ಆಮೇಲೆ ಆತ ಹಿಂದೆ ಮಾಡಿದ್ದನ್ನು ಹುಡುಕುವುದು ಯಾವ ಎಳೆ ಹಿಡಿದು? ಅದಕ್ಕೇ ವೈದ್ಯ ಸತ್ತರೂ ಆ ನಂಬರನ್ನು ನಿಷ್ಕ್ರಿಯ ಮಾಡುತ್ತಾರೆ, ಇನ್ನೊಬ್ಬರಿಗೆ ಕೊಡುವುದಿಲ್ಲ. ಇದೊಂದೇ ನಂಬರು ಸಾಕಾಯಿತೇ ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ಸಾಕಾಗಲಿಲ್ಲ. ಅಮಲಿನ ಔಷಧ ಬರೆಯಲು ಡಿಇಎ ನಂಬರು, ರಾಜ್ಯದ ಲೈಸೆನ್ಸ್ ನಂಬರು, ಮೆಡಿಕೇರ್‌ನ ಇನ್ನೊಂದು, ಎಲ್ಲವೂ ಕುಶಲವಾಗಿವೆ. ಆದರೆ ಅವುಗಳಲ್ಲಿ ಒಂದೊಂದೂ ಒಂದೊಂದು ಅನುಮತಿ. ಅನುಮತಿ ಬರುತ್ತದೆ, ಹೋಗುತ್ತದೆ. ಗುರುತು ಹಾಗಲ್ಲ. ಮನುಷ್ಯರನ್ನು ಅಂಕಿ ಮಾಡಿಬಿಟ್ಟರು ಎಂಬ ನಿಟ್ಟುಸಿರಿಗೆ ಮಾತ್ರ ನನ್ನ ಬಳಿ ಹೆಚ್ಚು ಮರುಕವಿಲ್ಲ. 'ಇತರೆ, ಮೂರು ಸೊನ್ನೆ' ಆಗಿರುವುದಕ್ಕಿಂತ ತನ್ನದೇ ಹತ್ತು ಅಂಕಿ ವಾಸಿ.

ತಮಾಷೆಯೆಂದರೆ ಅದೇ 1996ರ ಕಾಯ್ದೆ ರೋಗಿಗಳಿಗೂ ಒಂದೊಂದು ನಂಬರು ಕೊಡಿ ಎಂದಿತ್ತು. ಗುಟ್ಟು ಬಯಲಾದೀತೆಂಬ ಭಯ ಹುಟ್ಟಿ, 1998ರಲ್ಲಿ ಅಮೆರಿಕದ ಸಂಸತ್ತು ಅದಕ್ಕೆ ದುಡ್ಡು ಖರ್ಚು ಮಾಡಬಾರದೆಂದು ಕಟ್ಟು ಹಾಕಿತು. ವಿಮಾ ಯೋಜನೆಗಳಿಗೆ 2012ರಲ್ಲಿ ಗೊತ್ತುಮಾಡಿದ ನಂಬರನ್ನು 2019ರಲ್ಲಿ ವಾಪಸು ತೆಗೆದುಕೊಂಡರು. ಹೀಗಾಗಿ ಅಲ್ಲಿ ವೈದ್ಯರಿಗೆ ನಂಬರಿದೆ, ರೋಗಿಗಿಲ್ಲ. ನಮ್ಮಲ್ಲಿ ಉಲ್ಟಾ: ರೋಗಿಗಳಿಗೆ 14 ಅಂಕಿಯ ಆಭಾ ನಂಬರನ್ನು ಕೋಟಿಗಟ್ಟಲೆ ಹಂಚಿಯಾಗಿದೆ, ದೇಶದ ವೈದ್ಯರನ್ನೆಲ್ಲ ಒಂದೇ ಪಟ್ಟಿಗೆ ತರುವ ರಾಷ್ಟ್ರೀಯ ನೋಂದಣಿಯ ಪೋರ್ಟಲು ತೆರೆದದ್ದು 2024ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ವೈದ್ಯರ ಗುರುತೆಂದರೆ ರಾಜ್ಯ ಮೆಡಿಕಲ್ ಕೌನ್ಸಿಲಿನ ನಂಬರು, ಅದೂ ರಾಜ್ಯಕ್ಕೊಂದು ಸರಣಿ. ಹುಬ್ಬಳ್ಳಿಯ ವೈದ್ಯರ ನಂಬರೇ ಕೊಲ್ಹಾಪುರದಲ್ಲಿ ಬೇರೆ ಯಾರದೋ ಆಗಿರಬಹುದು. ಕೌನ್ಸಿಲಿನ ಹೆಸರನ್ನು ಪಕ್ಕಕ್ಕೆ ಹಚ್ಚದೆ ಅದಕ್ಕೆ ಅರ್ಥವಿಲ್ಲ. ಹಚ್ಚಿದರೂ ಎಲ್ಲ ತಿಳಿಯಾಗುತ್ತದೆ ಎನ್ನುವ ಹಾಗಿಲ್ಲ. ಕೆಎಂಸಿ ಎಂದರೆ ಬೆಂಗಳೂರಿನ ವೈದ್ಯರಿಗೆ ಕೌನ್ಸಿಲು, ಮಣಿಪಾಲದವರಿಗೆ ಕಾಲೇಜು, ಹುಬ್ಬಳ್ಳಿಯ ಹಿರಿಯರಿಗೆ ವಿದ್ಯಾನಗರದ ದೊಡ್ಡಾಸ್ಪತ್ರೆ.

ಆ ಕೌನ್ಸಿಲ್ ನಂಬರನ್ನು ಬರೆದುಕೊಟ್ಟ ಪ್ರತಿ ಔಷಧದ ಚೀಟಿಯ ಮೇಲೂ ನಮೂದಿಸಬೇಕೆಂದು 2002ರ ವೈದ್ಯರ ನಡವಳಿಕೆ ನಿಯಮಗಳಲ್ಲಿದೆ. ಹಾಗಾಗಿ ಎಷ್ಟೋ ಚೀಟಿಗಳಲ್ಲಿ ಜನಸಾಮಾನ್ಯರಿಗೆ ಓದಲು ಬರುವುದು ಅಚ್ಚಾದ ಆ ನಂಬರೊಂದೇ. ಕೆಳಗಿನದ್ದನ್ನು ಓದಬಲ್ಲವನು ಮೆಡಿಕಲ್ ಶಾಪಿನವನು, ಮತ್ತು ಅವನಿಗೆ ನಂಬರಿನ ಹಂಗೇ ಇಲ್ಲ. ಗೀಚಿದ ರೀತಿ ನೋಡಿಯೇ ಇದು ಯಾವ ಡಾಕ್ಟರದೆಂದು, ತಲೆ ಎತ್ತದೆ ಹೇಳುತ್ತಾನೆ.