ಮೊಣಕಾಲಿನ ವಾಯಿದೆ

ಗಾಯವಾದವನನ್ನು ನೋಡಲು ಬಂದವರು ಎರಡು ಕೆಲಸ ಮುಗಿಸದೆ ಎದ್ದು ಹೋಗುವುದಿಲ್ಲ. ಒಂದು, ಔಷಧಿ ಹೇಳುವುದು. ಇನ್ನೊಂದು, ವಾಸಿಯಾಗುವ ದಿನ ಹೇಳುವುದು. ಮನೆ ಎದುರು ಸುರಿದಿದ್ದ ಜಲ್ಲಿಯ ಮೇಲೆ ಸ್ಕೂಟರ್ ಜಾರಿ ನನ್ನ ಮೊಣಕಾಲು ತರಚಿದ ಸಂಜೆಯೇ ಮುಹೂರ್ತಗಳು ನಿಗದಿಯಾದವು. ಸೋದರತ್ತೆ ಅರಿಶಿನದ ಡಬ್ಬಿ ಹಿಡಿದು ಬಂದು, "ಮೂರೇ ದಿನ. ಆದರೆ ಬದನೆಕಾಯಿ ಮುಟ್ಟಬೇಡ ಕಣೋ, ನಂಜಾಗುತ್ತೆ" ಎಂದರು. ಪಕ್ಕದ ಮನೆ ರಾಯರದು ಕಾಫಿಪುಡಿಯ ಪಕ್ಷ. ಅವರ ಲೆಕ್ಕದಲ್ಲಿ ಒಂದು ವಾರ. ಮಹಡಿ ಮನೆಯ ನಿವೃತ್ತ ಮೇಷ್ಟ್ರು ಇಬ್ಬರನ್ನೂ ತಳ್ಳಿಹಾಕಿ, "ಗಾಳಿಗೆ ಬಿಡಿ, ಚೆನ್ನಾಗಿ ಒಣಗಲಿ" ಎಂದು ತೀರ್ಪಿತ್ತರು. ಮೊಣಕಾಲನ್ನು ಮಾತ್ರ ಯಾರೂ ಕೇಳಲಿಲ್ಲ.

ಅದು ಆಗಲೇ ಕೆಲಸಕ್ಕೆ ಇಳಿದಿತ್ತು. ಗಾಯವಾದ ಒಂದು ದಿನದೊಳಗೆ ಅಂಚಿನ ಚರ್ಮದ ಜೀವಕೋಶಗಳು ಒಳಮುಖವಾಗಿ ತೆವಳಲು ಶುರುಮಾಡುತ್ತವೆ. ವೇಗ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರು. ನಮ್ಮ ರಸ್ತೆ ಕಾಮಗಾರಿಗೆ ಹೋಲಿಸಿದರೆ ಓಟವೇ ಸರಿ. ತರಚು ಗಾಯಕ್ಕೆ ಇನ್ನೊಂದು ಅನುಕೂಲ ಉಂಟು. ಮೇಲ್ಪದರ ಕಿತ್ತುಹೋದರೂ ಕೂದಲ ಬುಡಗಳೂ ಬೆವರಿನ ಗ್ರಂಥಿಗಳೂ ಒಳಗೆ ಉಳಿದಿರುತ್ತವೆ. ಮಳೆ ಬಿದ್ದ ಹೊಲದಲ್ಲಿ ಮೊಳಕೆಯೊಡೆದ ಹಾಗೆ ಅಲ್ಲಿಂದಲೂ ಹೊಸ ಚರ್ಮ ಏಳುತ್ತದೆ. ಹಾಗಾಗಿ ಒಂದೆರಡು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಆಳದ ಗಾಯಕ್ಕೆ ಈ ಭಾಗ್ಯವಿಲ್ಲ. ಅಂಚಿನಿಂದಲೇ ತೆವಳಿ ಬರಬೇಕು, ವಾರಗಟ್ಟಲೆ ಕಾಯಬೇಕು. ಹೊಲಿಗೆ ಹಾಕಿದರೆ ಅಂಚಿಗೆ ಅಂಚು ತಾಗಿ, ಒಂದೆರಡು ದಿನದಲ್ಲೇ ಮೇಲ್ಪದರ ಕೂಡಿಕೊಳ್ಳುತ್ತದೆ.

ಮೇಷ್ಟ್ರ ಒಣ ಸಿದ್ಧಾಂತವನ್ನು 1962ರಲ್ಲೇ ಹಂದಿಗಳು ಬುಡಮೇಲು ಮಾಡಿದ್ದವು. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಕೆಲವು ಗಾಯಗಳನ್ನು ಗಾಳಿಗೆ ಬಿಟ್ಟು, ಕೆಲವಕ್ಕೆ ಪಾಲಿಥೀನ್ ಹಾಳೆ ಮುಚ್ಚಿ ನೋಡಿದರು. ತೇವ ಉಳಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಹರಡಿತ್ತು. ಒಣಗಿಸಿದರೆ ಹಕ್ಕಳೆ ಗಟ್ಟಿಯಾಗುತ್ತದೆ; ಜೀವಕೋಶಗಳು ಅದರಡಿಯಲ್ಲಿ ತೇವವಿರುವ ಕಡೆ ನುಸುಳಿಕೊಂಡು ಬರಬೇಕು. ಇದನ್ನು ಮೇಷ್ಟ್ರಿಗೆ ಹೇಳಿದೆ. "ಹಂದಿಗೆ ಸರಿಹೋಗಿರಬಹುದು" ಎಂದರು. ಮರುವರ್ಷ ಮನುಷ್ಯರಲ್ಲೂ ಹಾಗೇ ಕಂಡಿತು ಎಂದೆ. "ಅವರ್ಯಾರೂ ಬದನೆಕಾಯಿ ತಿಂದಿರಲ್ಲ ಬಿಡು" ಎಂದು ಅತ್ತೆ ಅಡುಗೆಮನೆಯಿಂದಲೇ ವಾದ ಮುಗಿಸಿದರು.

ಇಷ್ಟೆಲ್ಲ ವೈದ್ಯಕ್ಕಿಂತ ದೊಡ್ಡ ಉಪದ್ರವ ನಮ್ಮ ಉಗುರು. ಹಕ್ಕಳೆಯ ಒಂದು ಮೂಲೆ ಸ್ವಲ್ಪವೇ ಮೇಲೆದ್ದಿರುತ್ತದೆ. ಸುತ್ತಲೂ ನವೆ. ಕಣ್ಣು ಟಿ.ವಿ. ವಾರ್ತೆಯ ಮೇಲಿದ್ದರೂ ಬೆರಳು ಹೇಳದೆ ಕೇಳದೆ ಅಲ್ಲಿಗೇ ಹೋಗಿ ಆ ಮೂಲೆಯನ್ನು ಮೀಟುತ್ತದೆ. ಕಿತ್ತರೆ, ಅಡಿಯಲ್ಲಿ ಹೊಳೆಯುವ ಗುಲಾಬಿ ಬಣ್ಣದ ಎಳೆ ಚರ್ಮವೂ ಜೊತೆಗೇ ಬಂದು ಲೆಕ್ಕ ಮತ್ತೆ ಮೊದಲಿನಿಂದ. ಮುಚ್ಚಿದ ಮೇಲೂ ಎಲ್ಲ ಮುಗಿಯಿತೆಂದಲ್ಲ. ಆಳದ ಗಾಯದ ಕಲೆಗೆ ತಿಂಗಳುಗಳು ಕಳೆದರೂ ಮೂಲ ಚರ್ಮದ ಶೇ. 80ರಷ್ಟು ಬಲ ಬಂದರೆ ದೊಡ್ಡದು.

ಆದ್ದರಿಂದ ಓದುಗರೇ, ಗಾಯವನ್ನು ಶುದ್ಧ ನೀರಿನಲ್ಲಿ ತೊಳೆಯಿರಿ, ತೆಳ್ಳಗೆ ವ್ಯಾಸಲೀನ್ ಸವರಿ ಬ್ಯಾಂಡೇಜ್ ಸುತ್ತಿ, ಆಮೇಲೆ ಕೈಕಟ್ಟಿ ಕೂತುಕೊಳ್ಳಿ. ಟಿ.ಟಿ. ಇಂಜೆಕ್ಷನ್ ಬೇಕೇ ಎಂದು ಕೇಳಿ ತಿಳಿಯಿರಿ. ಸಕ್ಕರೆ ಕಾಯಿಲೆಯಿದ್ದರೆ, ಕೀವು ಕಂಡರೆ, ಎರಡು ವಾರವಾದರೂ ಮುಚ್ಚದಿದ್ದರೆ ಡಾಕ್ಟರನ್ನೇ ಕಾಣಿ. ನೋಡಲು ಬಂದವರಿಗೆ ಕಾಫಿ ಕೊಡಿ, ಪುಡಿ ಮಾತ್ರ ಕೈಗೆ ಸಿಗದಂತೆ ಎತ್ತಿಡಿ.